ಮಕ್ಕಳೊಡನೆ ಕಾಲೇಜು ನೋಡಲು ಹೊರಡುವ ಮುನ್ನ: ಕಾರಿನ ಪ್ರಯಾಣವನ್ನು ಯೋಜಿಸುವ ಬಗೆ

ಕಾಲೇಜುಗಳನ್ನು ನೋಡಿಬರಲು ಹೊರಡುವ ಹೆಚ್ಚಿನ ಕುಟುಂಬಗಳು ಮೊದಲು ಬಿಚ್ಚುವುದು ನಕ್ಷೆಯನ್ನು. ಎಲ್ಲಿಂದ ಎಲ್ಲಿಗೆ ಎಷ್ಟು ಕಿಲೋಮೀಟರ್, ಒಂದೇ ಸುತ್ತಿನಲ್ಲಿ ಎಷ್ಟು ಕಾಲೇಜುಗಳನ್ನು ನೋಡಿ ಮುಗಿಸಬಹುದು ಎಂಬ ಲೆಕ್ಕದಿಂದಲೇ ಯೋಜನೆ ಶುರುವಾಗುತ್ತದೆ. ಹಿರಿಯ ಮಗನೊಡನೆ ಹೊರಟಾಗ ನಾನೂ ಹಾಗೆಯೇ ಮಾಡಿದ್ದೆ. ನಾಲ್ಕು ದಿನಗಳಲ್ಲಿ ಏಳು ಕಾಲೇಜುಗಳನ್ನು ನೋಡಿದೆವು. ಮನೆಗೆ ಬಂದ ಮೇಲೆ ಯಾವ ಗ್ರಂಥಾಲಯ ಯಾವ ಕಾಲೇಜಿನದೆಂದು ಇಬ್ಬರಿಗೂ ನೆನಪಾಗಲಿಲ್ಲ. ಮೂರು ವರ್ಷಗಳ ನಂತರ ಮಗಳೊಡನೆ ಹೊರಟಾಗ ಅದೇ ನಾಲ್ಕು ದಿನಗಳಿಗೆ ನಾಲ್ಕೇ ಕಾಲೇಜುಗಳನ್ನು ಇಟ್ಟುಕೊಂಡೆವು. ಹಿಂದಿರುಗುವ ದಾರಿಯಲ್ಲೇ ಅವಳು ತನಗೆ ಏನು ಬೇಕು, ಏನು ಬೇಡ ಎಂಬುದನ್ನು ಕಾರಣಸಹಿತವಾಗಿ ಹೇಳತೊಡಗಿದಳು. ನೋಡುವುದಕ್ಕೆ ಎಷ್ಟು ಸಮಯ ಬೇಕೋ, ನೋಡಿದ್ದನ್ನು ಮನಸ್ಸು ಅರಗಿಸಿಕೊಳ್ಳುವುದಕ್ಕೂ ಅಷ್ಟೇ ಸಮಯ ಬೇಕು ಎಂಬುದು ಆ ಎರಡನೆಯ ಪ್ರಯಾಣದಿಂದ ನನಗೆ ತಿಳಿದ ಸಂಗತಿ. ಮುಂದಿನ ಸಲಹೆಗಳೆಲ್ಲ ಅದರ ಮೇಲೆಯೇ ನಿಂತಿವೆ.

ಹೊರಡುವ ಮುನ್ನ ಮನೆಯಲ್ಲೇ ಆಗಬೇಕಾದ ಮಾತು

ಮೊದಲ ಮಾತು ಹಣದ್ದು. ಶುಲ್ಕ, ವಸತಿ, ಊಟ, ಓಡಾಟ ಎಲ್ಲವೂ ಸೇರಿ ವರ್ಷಕ್ಕೆ ಮನೆಯಿಂದ ಎಷ್ಟು ಕೊಡಲು ಸಾಧ್ಯ, ಎಷ್ಟನ್ನು ವಿದ್ಯಾರ್ಥಿವೇತನದಿಂದಲೋ ಸಾಲದಿಂದಲೋ ಹೊಂದಿಸಬೇಕಾಗುತ್ತದೆ ಎಂಬುದನ್ನು ಪ್ರಯಾಣಕ್ಕೆ ಮುಂಚೆಯೇ ಮಗ ಅಥವಾ ಮಗಳ ಎದುರು ಅಂಕಿಗಳಲ್ಲಿ ಇಡಬೇಕು. ಮನಸೋತ ಕಾಲೇಜಿನ ಅಂಗಳದಲ್ಲಿ ನಿಂತಿರುವಾಗ "ಇದು ನಮ್ಮ ಕೈಗೆಟುಕುವಂಥದ್ದಲ್ಲ" ಎಂದು ಕೇಳಿಸಿಕೊಳ್ಳುವುದು ಹದಿನೇಳರ ವಯಸ್ಸಿನವರಿಗೆ ತುಂಬ ನೋವು ಕೊಡುತ್ತದೆ, ಮತ್ತು ಆ ನೋವನ್ನು ತಪ್ಪಿಸುವುದು ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಖರ್ಚಿನ ಮಿತಿಯನ್ನು ಮುಂಚಿತವಾಗಿ ತಿಳಿದವರು ಪಟ್ಟಿಯನ್ನು ತಾವೇ ತಿದ್ದಿಕೊಳ್ಳುತ್ತಾರೆ.

ಎರಡನೆಯದು ಪಟ್ಟಿ. ಅದರಲ್ಲಿರುವ ಪ್ರತಿ ಕಾಲೇಜಿನ ಮುಂದೆಯೂ ಅದನ್ನು ಏಕೆ ನೋಡಬೇಕೆಂದು ಎರಡು ವಾಕ್ಯಗಳನ್ನು ಬರೆಯುವಂತೆ ಮಕ್ಕಳನ್ನು ಕೇಳಿರಿ. "ಹೆಸರು ದೊಡ್ಡದು" ಎಂಬುದಕ್ಕಿಂತ ಮುಂದೆ ಒಂದು ಮಾತೂ ಹುಟ್ಟದಿದ್ದರೆ ಆ ಕಾಲೇಜಿಗಾಗಿ ನೂರಾರು ಕಿಲೋಮೀಟರ್ ಕಾರು ಓಡಿಸುವ ಅಗತ್ಯವಿಲ್ಲ. ಅದರ ಜಾಲತಾಣದಲ್ಲಿರುವ ವಿಡಿಯೊ ನೋಡಿದರೆ ಸದ್ಯಕ್ಕೆ ಸಾಕು. ಪೋಷಕರು ತಾವಾಗಿ ಸೇರಿಸುವ ಕಾಲೇಜಿಗೂ ಇದೇ ನಿಯಮ ಅನ್ವಯವಾಗಬೇಕು. ನಮ್ಮ ಹಳೆಯ ಕನಸೊಂದು ಪಟ್ಟಿಯೊಳಗೆ ನುಸುಳಿಕೊಂಡಿದ್ದರೆ ಆ ಎರಡು ವಾಕ್ಯಗಳನ್ನು ಬರೆಯುವಾಗ ಅದು ನಮ್ಮ ಕಣ್ಣಿಗೇ ಬೀಳುತ್ತದೆ.

ಮೊದಲ ಪ್ರಯಾಣದಲ್ಲಿ ಒಂದೇ ಬಗೆಯ ಕಾಲೇಜುಗಳನ್ನು ಸಾಲಾಗಿ ನೋಡುವುದಕ್ಕಿಂತ ಸಾವಿರಾರು ವಿದ್ಯಾರ್ಥಿಗಳಿರುವ ದೊಡ್ಡದೊಂದು, ಎಲ್ಲರೂ ಎಲ್ಲರನ್ನೂ ಬಲ್ಲಷ್ಟು ಚಿಕ್ಕದೊಂದು, ನಗರದ ನಡುವಿನದೊಂದು, ಊರಾಚೆ ತನ್ನದೇ ಆವರಣದಲ್ಲಿರುವುದೊಂದು ಹೀಗೆ ಬೇರೆ ಬೇರೆ ಬಗೆಯವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹದಿಹರೆಯದವರು ಇನ್ನೂ ತಮ್ಮ ಇಷ್ಟಗಳಿಗೆ ಹೆಸರಿಡಲು ಕಲಿಯುತ್ತಿರುತ್ತಾರೆ. ಕಣ್ಣೆದುರು ವ್ಯತ್ಯಾಸವಿದ್ದಾಗ ಆ ಕಲಿಕೆ ಬೇಗ ಆಗುತ್ತದೆ. ಹಾಗೆಯೇ, ದೂರದ ಪ್ರಯಾಣಕ್ಕೆ ಮುಂಚೆ ಮನೆಯ ಹತ್ತಿರದ ಯಾವುದಾದರೂ ಕಾಲೇಜಿಗೆ ಅರ್ಧ ದಿನ ಹೋಗಿಬನ್ನಿ, ಅಲ್ಲಿ ಓದುವ ಉದ್ದೇಶವಿಲ್ಲದಿದ್ದರೂ ಸರಿ. ಏನನ್ನು ನೋಡಬೇಕು, ಯಾರನ್ನು ಮಾತನಾಡಿಸಬೇಕು, ಎಷ್ಟು ಹೊತ್ತಿಗೆ ಆಯಾಸವಾಗುತ್ತದೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಮುಂದೆ ನೋಡುವ ಕಾಲೇಜುಗಳಿಗೆ ಅದು ಅಳತೆಗೋಲಾಗುತ್ತದೆ.

ಕೆಲಸವನ್ನೂ ಹಂಚಿಕೊಳ್ಳಬೇಕು. ಪ್ರವೇಶ ವಿಭಾಗಕ್ಕೆ ಇಮೇಲ್ ಬರೆಯುವುದು, ಭೇಟಿಯ ಸಮಯವನ್ನು ಕಾದಿರಿಸುವುದು, ತನಗೆ ಆಸಕ್ತಿಯಿರುವ ವಿಭಾಗದ ಒಂದು ತರಗತಿಯಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳುವುದು ವಿದ್ಯಾರ್ಥಿಯ ಪಾಲಿಗಿರಲಿ. ಕಾರು, ವಸತಿ, ಹಣ ಪೋಷಕರ ಪಾಲಿಗಿರಲಿ. ಪತ್ರದಲ್ಲಿ ಒಂದೆರಡು ತಪ್ಪುಗಳು ಉಳಿದರೂ ಚಿಂತೆಯಿಲ್ಲ. ಅಪರಿಚಿತ ಕಚೇರಿಯೊಂದಕ್ಕೆ ತಾನೇ ಬರೆದು ಉತ್ತರ ಪಡೆದ ವಿದ್ಯಾರ್ಥಿ ಆ ಕಚೇರಿಯ ಬಾಗಿಲು ತಳ್ಳಿ ಒಳಗೆ ಹೋಗುವ ರೀತಿಯೇ ಬೇರೆಯಾಗಿರುತ್ತದೆ.

ದಿನ ಮತ್ತು ದಾರಿ

ಕಾಲೇಜನ್ನು ತರಗತಿಗಳು ನಡೆಯುತ್ತಿರುವಾಗಲೇ ನೋಡಬೇಕು. ರಜೆಯಲ್ಲಿ ಹೋದರೆ ಕಾಣುವುದು ಕಟ್ಟಡಗಳು ಮತ್ತು ಹುಲ್ಲುಹಾಸು ಮಾತ್ರ. ನಾವು ನೋಡಬೇಕಾಗಿರುವುದು ಅಲ್ಲಿ ಬದುಕುವ ಜನರನ್ನು. ಪರೀಕ್ಷೆಯ ವಾರವೂ ಸೂಕ್ತವಲ್ಲ, ಏಕೆಂದರೆ ಆಗ ಯಾರಿಗೂ ಮಾತನಾಡುವ ವ್ಯವಧಾನ ಇರುವುದಿಲ್ಲ, ಆತಂಕದ ಮುಖಗಳನ್ನು ಕಂಡು ಕಾಲೇಜಿನ ಸ್ವಭಾವವೇ ಅಂಥದ್ದೆಂದು ಭಾವಿಸುವ ಅಪಾಯವೂ ಇದೆ. ಆದ್ದರಿಂದ ಪ್ರತಿ ಕಾಲೇಜಿನ ಶೈಕ್ಷಣಿಕ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ನಿಮ್ಮ ಮಕ್ಕಳ ಶಾಲೆಗೆ ರಜೆಯಿದ್ದು ಆ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುವ ದಿನಗಳನ್ನು ಹುಡುಕಿರಿ. ಹೀಗೆ ಹೊಂದುವ ದಿನಗಳು ವರ್ಷದಲ್ಲಿ ಕೆಲವೇ ಇರುತ್ತವೆ, ಅವಕ್ಕೆ ಬೇಡಿಕೆಯೂ ಹೆಚ್ಚು. ಕೆಲವು ವಾರ ಮೊದಲೇ ಸಮಯ ಕಾದಿರಿಸುವುದು ಇದಕ್ಕಾಗಿಯೇ. ಬೇರೆ ದಾರಿಯಿಲ್ಲದೆ ರಜೆಯಲ್ಲೇ ಹೋಗಬೇಕಾಗಿ ಬಂದರೆ, ಬೇಸಿಗೆ ತರಗತಿಗಳೋ ಸಂಶೋಧನಾ ಕೆಲಸವೋ ನಡೆಯುತ್ತಿರುವ ವಿಭಾಗ ಯಾವುದೆಂದು ಕೇಳಿ ತಿಳಿದು, ಅಲ್ಲಿನ ಒಬ್ಬಿಬ್ಬರು ವಿದ್ಯಾರ್ಥಿಗಳನ್ನಾದರೂ ಭೇಟಿಯಾಗುವಂತೆ ಏರ್ಪಾಡು ಮಾಡಿಕೊಳ್ಳಿ.

ಒಂದು ಕಾಲೇಜಿಗೆ ಎಷ್ಟು ಹೊತ್ತು ಬೇಕು? ಸಾಮಾನ್ಯವಾಗಿ ಪ್ರವೇಶ ವಿಭಾಗದವರ ಮಾಹಿತಿ ಸಭೆಗೆ ಸುಮಾರು ಒಂದು ಗಂಟೆ, ವಿದ್ಯಾರ್ಥಿಯೊಬ್ಬರು ಮುಂದೆ ನಿಂತು ಕ್ಯಾಂಪಸ್ ಸುತ್ತಿಸುವುದಕ್ಕೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಇವೆರಡೂ ಕಾಲೇಜು ತಾನು ತೋರಿಸಬೇಕೆಂದುಕೊಂಡದ್ದನ್ನು ತೋರಿಸುವ ಸಮಯ. ನೀವು ನೋಡಬೇಕೆಂದುಕೊಂಡದ್ದನ್ನು ನೋಡಲು ಇನ್ನೂ ಎರಡು ಗಂಟೆಯಾದರೂ ಬೇಕು: ವಿದ್ಯಾರ್ಥಿಗಳು ಊಟ ಮಾಡುವಲ್ಲಿಯೇ ಊಟ ಮಾಡುವುದು, ಗ್ರಂಥಾಲಯದಲ್ಲಿ ಸುಮ್ಮನೆ ಕುಳಿತುಕೊಳ್ಳುವುದು, ಕ್ಯಾಂಪಸ್ಸಿನಾಚೆಯ ಬೀದಿಗಳಲ್ಲಿ ನಡೆದಾಡುವುದು ಇದೇ ಸಮಯದಲ್ಲಿ. ವಾಹನ ನಿಲ್ಲಿಸಲು ಜಾಗ ಹುಡುಕಿ, ಅಲ್ಲಿಂದ ಪ್ರವೇಶ ವಿಭಾಗದವರೆಗೆ ನಡೆಯಲು ಅರ್ಧ ಗಂಟೆ ಸೇರಿಸಿದರೆ ಒಂದು ಕಾಲೇಜಿಗೆ ಐದು ಗಂಟೆ ಆಗಿಯೇ ಆಗುತ್ತದೆ. ಈ ಲೆಕ್ಕದಲ್ಲಿ ದಿನಕ್ಕೊಂದು ಕಾಲೇಜು ಸರಿಯಾದ ಪ್ರಮಾಣ. ಎರಡು ಕಾಲೇಜುಗಳು ಒಂದೇ ಊರಿನಲ್ಲಿದ್ದಾಗ ಮಾತ್ರ ದಿನಕ್ಕೆರಡು ಸಾಧ್ಯ. ಮೂರು ಎಂಬುದನ್ನು ಯೋಚಿಸಲೂಬೇಡಿ.

ದಾರಿಯ ಕ್ರಮದ ವಿಷಯದಲ್ಲಿ ಗಣಿತ ಹೆದರಿಸುತ್ತದೆ: ಐದು ಕಾಲೇಜುಗಳನ್ನು 120 ಬೇರೆ ಬೇರೆ ಕ್ರಮಗಳಲ್ಲಿ ನೋಡಬಹುದು. ಆದರೆ ಸಮಯ ಕಾದಿರಿಸಿದ ಭೇಟಿಗಳೇ ಕ್ರಮವನ್ನು ಹೆಚ್ಚುಕಡಿಮೆ ನಿರ್ಧರಿಸಿಬಿಡುವುದರಿಂದ, ಬದಲಾಯಿಸಲಾಗದ ದಿನಗಳನ್ನು ಮೊದಲು ಗುರುತಿಸಿಕೊಂಡು ಉಳಿದವನ್ನು ಅವುಗಳ ಸುತ್ತ ಜೋಡಿಸಿದರೆ ಕೆಲಸ ಸುಲಭ. ಎಲ್ಲಕ್ಕಿಂತ ಚಿಕ್ಕ ದಾರಿಗಾಗಿ ಹಟ ಹಿಡಿಯುವುದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಮಕ್ಕಳಿಗೆ ಅತಿ ಹೆಚ್ಚು ಆಸೆಯಿರುವ ಕಾಲೇಜನ್ನು ಮೊದಲ ದಿನಕ್ಕೂ ಇಡಬೇಡಿ, ಕೊನೆಯ ದಿನಕ್ಕೂ ಇಡಬೇಡಿ. ಮೊದಲ ದಿನ ಹೋಲಿಸಿ ನೋಡಲು ಬೇರೇನೂ ಇರುವುದಿಲ್ಲ, ಕೊನೆಯ ದಿನ ಕಾಲು ಸೋತು ಮನೆ ನೆನಪಾಗುತ್ತಿರುತ್ತದೆ. ಎರಡನೆಯ ಅಥವಾ ಮೂರನೆಯ ಸ್ಥಾನ ಅದಕ್ಕೆ ನ್ಯಾಯ ಒದಗಿಸುತ್ತದೆ.

ಫೋನಿನ ನಕ್ಷೆ ತೋರಿಸುವ ಪ್ರಯಾಣದ ಅವಧಿ ಸಾಮಾನ್ಯವಾಗಿ ನೀವು ಹುಡುಕಿದ ಕ್ಷಣದ ಸಂಚಾರಕ್ಕೆ ಸಂಬಂಧಿಸಿದ್ದಾಗಿರುತ್ತದೆ. ರಾತ್ರಿ ಹತ್ತಕ್ಕೆ ಮನೆಯಲ್ಲಿ ಕುಳಿತು ನೋಡಿದ ಎರಡು ಗಂಟೆಯ ದಾರಿ ಬೆಳಿಗ್ಗೆ ಎಂಟರ ಹೊತ್ತಿಗೆ ಮೂರು ಗಂಟೆಯಾದೀತು. ಹೊರಡುವ ವಾರ ಮತ್ತು ಹೊತ್ತನ್ನು ನಮೂದಿಸಿ ಮತ್ತೊಮ್ಮೆ ನೋಡಿರಿ, ಬಂದ ಉತ್ತರಕ್ಕೆ ನಾಲ್ಕನೇ ಒಂದು ಭಾಗವನ್ನು ಸೇರಿಸಿಕೊಳ್ಳಿರಿ. ಸಾಧ್ಯವಿದ್ದಲ್ಲೆಲ್ಲ ಹಿಂದಿನ ದಿನ ಸಂಜೆಯೇ ಮುಂದಿನ ಕಾಲೇಜಿರುವ ಊರನ್ನು ತಲುಪಿ ಅಲ್ಲೇ ತಂಗುವುದು ಮೇಲು. ಬೆಳಗಿನ ಗಡಿಬಿಡಿ ತಪ್ಪುವುದಷ್ಟೇ ಅಲ್ಲ, ಕತ್ತಲಾದ ಮೇಲೆ ಆ ಊರು ಹೇಗಿರುತ್ತದೆ, ಹಾಸ್ಟೆಲಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬೆಳಕಿದೆಯೇ ಎಂಬುದನ್ನು ನೋಡುವ ಅವಕಾಶ ಆಗ ಮಾತ್ರ ಸಿಗುತ್ತದೆ.

ಇಲ್ಲಿ ಪೋಷಕರೆಲ್ಲರೂ ಗಮನಿಸಲೇಬೇಕಾದ ಒಂದು ಭ್ರಮೆಯ ಬಗ್ಗೆ ಹೇಳಬೇಕು. ಕಾರಿನಲ್ಲಿ ಹೋದಾಗ ದೂರ ಹತ್ತಿರವಾಗಿ ಕಾಣುತ್ತದೆ. ಆದರೆ ಅಲ್ಲಿ ಸೇರಿದ ಮೇಲೆ ವಿದ್ಯಾರ್ಥಿ ಮನೆಗೆ ಬಂದುಹೋಗುವುದು ಹೆಚ್ಚಾಗಿ ಬಸ್ಸಿನಲ್ಲೋ ರೈಲಿನಲ್ಲೋ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು, ನಡುವೆ ಎಲ್ಲೋ ಇಳಿದು ಮತ್ತೊಂದನ್ನು ಹಿಡಿದು. ಕಾರಿಗೆ ಐದು ಗಂಟೆಯ ದಾರಿ ಅವರಿಗೆ ಹತ್ತು ಗಂಟೆಯದಾಗಬಹುದು. ಪ್ರತಿ ಕಾಲೇಜಿನ ಹೆಸರಿನ ಮುಂದೆ ಕಾರಿನ ಅವಧಿಯ ಜೊತೆಗೆ ಈ ಎರಡನೆಯ ಅವಧಿಯನ್ನೂ ಬರೆದಿಡಿ. ಮನೆಯಿಂದ ಎಷ್ಟು ದೂರವಿರಬಲ್ಲೆ ಎಂಬ ಪ್ರಶ್ನೆಗೆ ಮಕ್ಕಳು ಉತ್ತರಿಸಬೇಕಾಗಿರುವುದು ಆ ಸಂಖ್ಯೆಯನ್ನು ನೋಡಿಕೊಂಡು.

ಕಾರು, ನಿದ್ದೆ, ಚಾಲನೆ

ಕಾರಿನ ಸಿದ್ಧತೆ ಎಲ್ಲ ದೂರದ ಪ್ರಯಾಣಗಳಂತೆಯೇ: ಟೈರುಗಳು ತಣ್ಣಗಿರುವಾಗ ಗಾಳಿ ನೋಡುವುದು, ಸ್ಟೆಪ್ನಿಯಲ್ಲೂ ಗಾಳಿಯಿದೆಯೇ ಎಂದು ಪರೀಕ್ಷಿಸುವುದು, ವಿಮೆಯ ಪತ್ರ, ಸಿಗ್ನಲ್ ಇಲ್ಲದೆಡೆಯೂ ತೆರೆದುಕೊಳ್ಳುವಂತೆ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳುವುದು. ವಿದ್ಯುತ್ ಕಾರಾದರೆ ಚಾರ್ಜಿಂಗ್ ಕೇಂದ್ರಗಳನ್ನು ಊಟದ ನಿಲುಗಡೆಗೆ ಹೊಂದಿಸಿಕೊಳ್ಳಿ.

ನಿದ್ದೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ಈ ಪ್ರಯಾಣಗಳನ್ನು ಹಾಳುಮಾಡುವುದು ಬಹುಮಟ್ಟಿಗೆ ಅದರ ಕೊರತೆಯೇ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಇದಲ್ಲದೆ ಪ್ರೌಢಾವಸ್ಥೆಯಲ್ಲಿ ದೇಹದ ಗಡಿಯಾರವೇ ತಡವಾಗಿ ಓಡತೊಡಗುತ್ತದೆ. ರಾತ್ರಿ ಬೇಗ ನಿದ್ದೆ ಬಾರದು, ಬೆಳಿಗ್ಗೆ ಬೇಗ ಎಚ್ಚರವಾಗದು. ಅದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಕಾರಿಗೆ ಹತ್ತಿಸಿ, ಒಂಬತ್ತಕ್ಕೆ ಕ್ಯಾಂಪಸ್ಸಿನಲ್ಲಿ ನಿಲ್ಲಿಸಿದರೆ ಆ ಮಗುವಿಗೆ ಯಾವ ಕಾಲೇಜೂ ಇಷ್ಟವಾಗುವುದಿಲ್ಲ. ಭೇಟಿಯನ್ನು ಹತ್ತೂವರೆಗೋ ಹನ್ನೊಂದಕ್ಕೋ ಇರಿಸಿಕೊಳ್ಳಿ.

ಕಾರು ಓಡಿಸುವವರಿಗೂ ಮಿತಿಯಿರಬೇಕು. ಎರಡು ಗಂಟೆಗೊಮ್ಮೆ ಕನಿಷ್ಠ 15 ನಿಮಿಷ ಕಾರಿನಿಂದ ಇಳಿದು ನಿಲ್ಲುವುದು, ತೂಕಡಿಕೆ ಸಹಜವಾಗಿ ಹೆಚ್ಚುವ ಮಧ್ಯಾಹ್ನದ ಹೊತ್ತಿನಲ್ಲಿ ಮತ್ತು ನಡುರಾತ್ರಿಯ ನಂತರ ಚಾಲನೆಯನ್ನು ತಪ್ಪಿಸುವುದು, ಕಾಲೇಜು ಸುತ್ತಿದ ದಿನ ಮೂರು ಗಂಟೆಗಿಂತ ಹೆಚ್ಚು ಓಡಿಸದಿರುವುದು ನಾನು ಪಾಲಿಸುವ ನಿಯಮಗಳು. ಮಕ್ಕಳಿಗೆ ಪರವಾನಗಿ ಇದ್ದರೂ ಅಪರಿಚಿತ ಹೆದ್ದಾರಿಯಲ್ಲಿ, ಆಯಾಸಗೊಂಡ ದಿನ ಅವರ ಕೈಗೆ ಸ್ಟೇರಿಂಗ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅವರು ಮುಂದಿನ ಸೀಟಿನಲ್ಲಿ ಕುಳಿತು ದಾರಿ ಹೇಳಲಿ. ಚಲಿಸುವ ಕಾರಿನಲ್ಲಿ ಓದಿದರೆ ತಲೆ ಸುತ್ತುವವರಿಗೂ ಅದೇ ಒಳ್ಳೆಯ ಜಾಗ.

ಕ್ಯಾಂಪಸ್ಸಿನಲ್ಲಿ

ಸುತ್ತಿ ತೋರಿಸುವ ವಿದ್ಯಾರ್ಥಿಯ ಹಿಂದೆ ಹೋಗುವಾಗ ಪೋಷಕರು ಗುಂಪಿನ ಕೊನೆಯಲ್ಲಿರಬೇಕು, ಪ್ರಶ್ನೆಗಳನ್ನು ಮಕ್ಕಳಿಗೆ ಬಿಟ್ಟುಕೊಡಬೇಕು. ಇದು ಹೇಳುವಷ್ಟು ಸುಲಭವಲ್ಲವೆಂದು ನನಗೆ ಗೊತ್ತಿದೆ. ಆದರೆ ತಂದೆಯೋ ತಾಯಿಯೋ ಎಲ್ಲರೆದುರು ನಾಲ್ಕನೆಯ ಪ್ರಶ್ನೆ ಕೇಳುವ ಹೊತ್ತಿಗೆ ಹದಿಹರೆಯದವರು ಕಾಲೇಜನ್ನು ನೋಡುವುದನ್ನು ಬಿಟ್ಟು ನೆಲವನ್ನು ನೋಡತೊಡಗಿರುತ್ತಾರೆ. ಶುಲ್ಕ ಮತ್ತು ವಿದ್ಯಾರ್ಥಿವೇತನದ ಪ್ರಶ್ನೆಗಳನ್ನು ಸಂಬಂಧಪಟ್ಟ ಕಚೇರಿಯಲ್ಲಿ ಪೋಷಕರು ಪ್ರತ್ಯೇಕವಾಗಿ ಕೇಳಬಹುದು. ಆ ಅರ್ಧ ಗಂಟೆ ಮಕ್ಕಳು ಒಬ್ಬರೇ ಓಡಾಡಲಿ.

ಪ್ರಶ್ನೆಗಳು ಸಂಖ್ಯೆಯನ್ನು ಕೇಳುವಂತಿರಬೇಕು. "ಅಧ್ಯಾಪಕರು ಚೆನ್ನಾಗಿ ಕಲಿಸುತ್ತಾರೆಯೇ" ಎಂದರೆ ಎಲ್ಲ ಕಾಲೇಜುಗಳಲ್ಲೂ ಹೌದು ಎಂಬ ಉತ್ತರವೇ ಬರುತ್ತದೆ. ಮೊದಲ ವರ್ಷದ ತರಗತಿಯಲ್ಲಿ ಎಷ್ಟು ಜನರಿರುತ್ತಾರೆ, ಅವರಿಗೆ ಪಾಠ ಮಾಡುವವರು ಪೂರ್ಣಾವಧಿ ಅಧ್ಯಾಪಕರೇ, ಸೇರಿದ ನೂರು ಜನರಲ್ಲಿ ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪದವಿ ಮುಗಿಸುತ್ತಾರೆ, ವಿಷಯವನ್ನು ಬದಲಾಯಿಸಿಕೊಳ್ಳಬೇಕೆನಿಸಿದರೆ ಎಷ್ಟು ತಿಂಗಳೊಳಗೆ ಸಾಧ್ಯ, ಹಾಸ್ಟೆಲಿನ ಕೋಣೆ ಎಷ್ಟು ವರ್ಷಗಳವರೆಗೆ ಖಚಿತ, ಆಪ್ತಸಮಾಲೋಚಕರನ್ನು ಕಾಣಲು ಎಷ್ಟು ದಿನ ಕಾಯಬೇಕು ಎಂಬಂಥವನ್ನು ಕೇಳಬೇಕು. ಎದುರಿನಿಂದ ಬರುವ ವಿದ್ಯಾರ್ಥಿಯನ್ನು ನಿಲ್ಲಿಸಿ ಕೇಳಬಹುದಾದ ಇನ್ನೊಂದು ಪ್ರಶ್ನೆ ನನಗೆ ಬಹಳ ಇಷ್ಟ: "ಇಲ್ಲಿಗೆ ಬಂದ ಮೇಲೆ ನಿಮಗೆ ಅನಿರೀಕ್ಷಿತವಾಗಿ ಎದುರಾದದ್ದು ಯಾವುದು?" ನನ್ನ ಮಗಳು ಈ ಪ್ರಶ್ನೆಯನ್ನು ನಾಲ್ಕು ಕಡೆಯೂ ಕೇಳಿದಳು. ಒಂದು ಕಡೆ ಸಿಕ್ಕ ಉತ್ತರದಿಂದ, ಶನಿವಾರ ಭಾನುವಾರ ಹೆಚ್ಚಿನವರು ತಮ್ಮ ಮನೆಗಳಿಗೆ ಹೋಗಿ ಹಾಸ್ಟೆಲ್ ಬರಿದಾಗುತ್ತದೆ ಎಂಬುದು ತಿಳಿಯಿತು. ಮಾಹಿತಿ ಸಭೆಯಲ್ಲಿ ಯಾರೂ ಅದನ್ನು ಹೇಳಿರಲಿಲ್ಲ, ಮನೆಯಿಂದ ಬಹು ದೂರದಲ್ಲಿರಬೇಕಾಗಿದ್ದ ಅವಳಿಗೆ ಅದು ಬಹಳ ಮುಖ್ಯವಾಗಿತ್ತು.

ಸೂಚನಾ ಫಲಕಗಳನ್ನು ಓದಿರಿ. ಅಲ್ಲಿ ಅಂಟಿಸಿರುವ ಹಾಳೆಗಳ ದಿನಾಂಕಗಳು ಹೊಸವಾಗಿದ್ದರೆ ಕ್ಯಾಂಪಸ್ಸಿನಲ್ಲಿ ಜೀವವಿದೆ. ಪ್ರಯೋಗಾಲಯಗಳ ಉಪಕರಣಗಳು ಬಳಕೆಯಲ್ಲಿವೆಯೇ ಅಥವಾ ಹೊದಿಕೆಯಡಿ ಮಲಗಿವೆಯೇ ಎಂದು ನೋಡಿರಿ. ಸಾಮಾನ್ಯ ಶೌಚಾಲಯವನ್ನು ತಪ್ಪದೆ ನೋಡಿರಿ.

ಹವಾಮಾನ ನಮ್ಮ ತೀರ್ಮಾನದೊಳಗೆ ತಿಳಿಯದಂತೆ ಸೇರಿಕೊಳ್ಳುತ್ತದೆ ಎಂಬುದಕ್ಕೆ ಒಂದು ಸ್ವಾರಸ್ಯಕರ ಪುರಾವೆಯಿದೆ. ಮನುಷ್ಯರ ನಿರ್ಧಾರಗಳನ್ನು ಅಧ್ಯಯನ ಮಾಡುವ ಯೂರಿ ಸೈಮನ್‌ಸೋನ್ ಅವರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಓದಿನ ಕಟ್ಟುನಿಟ್ಟಿಗೆ ಹೆಸರಾದ ಒಂದು ವಿಶ್ವವಿದ್ಯಾಲಯಕ್ಕೆ ಮೋಡ ಕವಿದ ದಿನ ಭೇಟಿ ಕೊಟ್ಟವರು ಬಿಸಿಲಿನ ದಿನ ಬಂದವರಿಗಿಂತ ಹೆಚ್ಚಾಗಿ ಅಲ್ಲಿಗೇ ಸೇರಿದ್ದು ಕಂಡುಬಂತು. ಮಂಕು ದಿನದಲ್ಲಿ ಓದು ಹೆಚ್ಚು ಆಕರ್ಷಕವಾಗಿ ಕಾಣುತ್ತದೆಯೆಂಬುದು ಅವರು ಕೊಟ್ಟ ವಿವರಣೆ. ಆ ಕಾರಣಕ್ಕೆ ಪ್ರತಿ ಭೇಟಿಯ ಟಿಪ್ಪಣಿಯ ಮೇಲ್ತುದಿಯಲ್ಲಿ ಅಂದಿನ ಹವೆಯನ್ನೂ, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಗಿತ್ತೆಂಬುದನ್ನೂ ಬರೆದಿಡುವುದು ಉಪಯುಕ್ತ. ಎರಡು ತಿಂಗಳ ಬಳಿಕ "ಅದೇಕೋ ಆ ಕಾಲೇಜು ಹಿಡಿಸಲಿಲ್ಲ" ಎಂದಾಗ ಆ ಸಾಲು ನೆರವಿಗೆ ಬರುತ್ತದೆ.

ಮತ್ತೆ ಕಾರಿನಲ್ಲಿ

ಕಾಲೇಜಿನ ಗೇಟು ದಾಟಿದೊಡನೆ "ಹೇಗನಿಸಿತು?" ಎಂದು ಕೇಳಬೇಡಿ. ಪೋಷಕರಿಗೆ ನಾನು ಕೊಡಬಹುದಾದ ಸಲಹೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಆ ಪ್ರಶ್ನೆಯ ಹಿಂದೆಯೇ ನಮ್ಮ ಅಭಿಪ್ರಾಯವೂ ಇಣುಕುತ್ತದೆ, ಮಕ್ಕಳು ತಮಗೆ ಅನಿಸಿದ್ದನ್ನು ಹೇಳುವ ಬದಲು ನಮಗೆ ಒಪ್ಪುವಂಥದ್ದನ್ನೋ, ನಮ್ಮನ್ನು ಎದುರಿಸುವಂಥದ್ದನ್ನೋ ಹೇಳುತ್ತಾರೆ. ಕಾರು ಹೊರಡುವ ಮುನ್ನ ಹತ್ತು ನಿಮಿಷ ಇಬ್ಬರೂ ತಮ್ಮ ತಮ್ಮ ಪುಸ್ತಕಗಳಲ್ಲಿ ಪ್ರತ್ಯೇಕವಾಗಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದಾಗ, ಕಲಿತ ಅರ್ಥರಹಿತ ಅಕ್ಷರಗುಚ್ಛಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯೊಳಗೆ ಮರೆತುಹೋಗುತ್ತವೆಂದು ತೋರಿಸಿದ್ದ. ಕಾಲೇಜಿನ ಭೇಟಿ ಅರ್ಥರಹಿತವಲ್ಲ, ಅಷ್ಟು ಬೇಗ ಅಳಿಸಿಹೋಗುವುದೂ ಇಲ್ಲ. ಆದರೂ ಮೂರು ಕಾಲೇಜುಗಳ ನಂತರ ನೆನಪುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುವುದನ್ನು ನಾನು ಕಂಡಿದ್ದೇನೆ. ಕಾಲೇಜಿನ ಹೆಸರಿರುವ ಫಲಕದ ಚಿತ್ರವನ್ನು ಮೊದಲು ತೆಗೆದು, ಬಳಿಕ ಉಳಿದ ಚಿತ್ರಗಳನ್ನು ತೆಗೆದರೆ ಫೋನಿನೊಳಗಿನ ಗೊಂದಲವೂ ತಪ್ಪುತ್ತದೆ.

ಬರೆದಾದ ಮೇಲೆ ಸುಮ್ಮನಿರಿ. ಹಾಡು ಬೇಕೆಂದರೆ ಅವರ ಆಯ್ಕೆಯ ಹಾಡಿರಲಿ. ಇಬ್ಬರೂ ಮುಂದಿನ ರಸ್ತೆಯನ್ನು ನೋಡುತ್ತ ಕುಳಿತಿರುವಾಗ, ಮುಖಕ್ಕೆ ಮುಖ ಕೊಡುವ ಒತ್ತಡವಿಲ್ಲದಿರುವಾಗ, ಹದಿಹರೆಯದವರ ಮಾತು ತಾನಾಗಿ ಹೊರಬರುತ್ತದೆ. ಕೆಲವೊಮ್ಮೆ ನಲವತ್ತು ಕಿಲೋಮೀಟರ್ ಕಳೆದ ಮೇಲೆ ಬರುತ್ತದೆ. ನನ್ನ ಮಗಳು ಎರಡನೆಯ ದಿನ ಒಂದು ಗಂಟೆಗೂ ಹೆಚ್ಚು ಹೊತ್ತು ಮೌನವಾಗಿದ್ದು, ಆಮೇಲೆ ಒಮ್ಮೆಲೇ, ತನಗೆ ಎಂಜಿನಿಯರಿಂಗ್‌ಗಿಂತ ಭೂವಿಜ್ಞಾನದ ಬಗ್ಗೆ ಹೆಚ್ಚು ಯೋಚನೆ ಬರುತ್ತಿದೆಯೆಂದು ಹೇಳಿದಳು. ಮುಂದಿನ ಭೇಟಿಯ ಹೊತ್ತಿಗೆ ನಾವು ಆ ವಿಭಾಗಕ್ಕೂ ಸಮಯ ಕೇಳಿದೆವು. ವೇಳಾಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದ ಎರಡು ಗಂಟೆಗಳು ಇಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಪ್ರಯಾಣದ ನಡುವೆ ಒಂದು ಕಾಲೇಜನ್ನು ಬಿಟ್ಟುಬಿಡುವ ಹಕ್ಕು ಮಕ್ಕಳಿಗಿರಲಿ. ಒಮ್ಮೆ ಮಾತ್ರ, ಕಾರಣ ಹೇಳಿ, ಪ್ರವೇಶ ವಿಭಾಗಕ್ಕೆ ತಾವೇ ಫೋನ್ ಮಾಡಿ ಭೇಟಿಯನ್ನು ರದ್ದುಗೊಳಿಸಬೇಕು ಎಂಬ ಷರತ್ತಿನೊಂದಿಗೆ. ತಮ್ಮಂದಿರೋ ತಂಗಿಯರೋ ಜೊತೆಯಲ್ಲಿದ್ದರೆ ಅವರಿಗೂ ದಿನದಲ್ಲಿ ಒಂದು ಗಂಟೆ ಸಲ್ಲಬೇಕು, ಇಲ್ಲವಾದರೆ ಅವರ ಬೇಸರವೇ ಇಡೀ ಕಾರನ್ನು ತುಂಬಿಕೊಳ್ಳುತ್ತದೆ.

ಮನೆಗೆ ಮರಳಿದ ಮೇಲೆ ಒಂದು ವಾರ ತೀರ್ಮಾನದ ಮಾತನ್ನು ಎತ್ತದೆ, ಬಳಿಕ ಇಬ್ಬರ ಟಿಪ್ಪಣಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿರಿ. ನೀವಿಬ್ಬರೂ ಒಂದೇ ಸಂಗತಿಯನ್ನು ಬೇರೆ ಬೇರೆಯಾಗಿ ಬರೆದಿರುವ ಕಡೆಗಳಲ್ಲಿ ನಿಂತು ಮಾತನಾಡಿರಿ. ಭೇಟಿಗೆ ನೆರವಾದವರಿಗೆ ಕೃತಜ್ಞತೆಯ ನಾಲ್ಕು ಸಾಲು ಬರೆಯುವುದನ್ನು, ಉಳಿದ ಪ್ರಶ್ನೆಗಳನ್ನು ಅದರಲ್ಲೇ ಕೇಳುವುದನ್ನು ಮಕ್ಕಳೇ ಮಾಡಲಿ. ಪ್ರವೇಶ ದೊರೆತು ಕೊನೆಗೆ ಎರಡು ಕಾಲೇಜುಗಳ ನಡುವೆ ಆಯ್ಕೆ ಉಳಿದರೆ ಎರಡನ್ನೂ ಮತ್ತೊಮ್ಮೆ ನೋಡಬೇಕಾಗುತ್ತದೆ. ಆ ಎರಡನೆಯ ಭೇಟಿಗೆ ಸಾಧ್ಯವಾದರೆ ನಿಮ್ಮ ಕಾರು ಬೇಡ; ಮುಂದೆ ಓಡಾಡಬೇಕಾದ ಬಸ್ಸು ಅಥವಾ ರೈಲಿನಲ್ಲೇ ಅವರು ಹೋಗಿಬರಲಿ, ಒಂದು ರಾತ್ರಿ ಹಾಸ್ಟೆಲಿನಲ್ಲಿ ಅತಿಥಿಯಾಗಿ ಉಳಿಯಲು ಕಾಲೇಜು ಅವಕಾಶ ಕೊಡುವುದಾದರೆ ಅಲ್ಲೇ ಉಳಿಯಲಿ, ಮರುದಿನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ನೀವು ಕರೆತರಲು ಹೋಗಿರಿ.